ಇಳಿಯಿತೋ, ಇಳಿಸಿದರೋ?

ಕೇಳುಗರಿಗೆ ನಮಸ್ಕಾರ. ಕಾಸರಗೋಡು ಜಿಲ್ಲೆಯ ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕನ್ನಡ ಮಾಧ್ಯಮದ ಮಕ್ಕಳು ರೇಡಿಯೊ ಪಕ್ಕ ಕೂತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಇವತ್ತು ಇಂಗ್ಲಿಷಿನ ಎರಡೇ ಶಬ್ದ: ಡಿಕ್ರೀಸ್, ರೆಡ್ಯೂಸ್. ಗೈಡಿನಲ್ಲಿ ಎರಡಕ್ಕೂ 'ಕಡಿಮೆ' ಎಂದು ಬರೆದಿರುತ್ತಾರೆ. ಆ ಗೈಡನ್ನು ಸ್ವಲ್ಪ ಆಚೆ ಇಡಿ.

ನೀರು ಇಳಿಯಿತು, ಇದು ಡಿಕ್ರೀಸ್. ಬೆಲೆ ಇಳಿಸಿದರು, ಇದು ರೆಡ್ಯೂಸ್. ಕನ್ನಡದಲ್ಲಿ ಇಂಥ ಶಬ್ದಕ್ಕೆ 'ಇಸು' ಬಂತೆಂದರೆ ಯಾರೋ ಕೈ ಹಾಕಿದ್ದಾರೆ. ತಗ್ಗಿತು, ತಗ್ಗಿಸಿದರು. ಕುಗ್ಗಿತು, ಕುಗ್ಗಿಸಿದರು. ಮಲಯಾಳದ ಗೆಳೆಯನನ್ನು ಕೇಳಿ, ಅವನಿಗೂ 'ಕುರಞ್ಞು' ಬೇರೆ, 'ಕುರಚ್ಚು' ಬೇರೆ. ತುಳುವಿನಲ್ಲಿ ಕಮ್ಮಿ ಆಂಡ್, ಕಮ್ಮಿ ಮಲ್ತೆರ್. ಮೂರು ಭಾಷೆಯಲ್ಲಿ ಗೊತ್ತಿರುವುದು ಇಂಗ್ಲಿಷ್ ಪರೀಕ್ಷೆಗೆ ಕೂತ ಕೂಡಲೇ ಮರೆತುಹೋಗುವುದು ಹೇಗೆ, ನನಗಂತೂ ಅರ್ಥವಾಗಿಲ್ಲ.

ಬಾಯಾರಿನಲ್ಲಿ ನನ್ನ ಪರಿಚಯದ ಕೃಷಿಕರೊಬ್ಬರಿದ್ದಾರೆ. ಅಡಿಕೆ ತೋಟಕ್ಕೆ ಸುರಂಗದ ನೀರು. ಸುರಂಗ ಅಂದರೆ ನಿಮಗೆ ಹೇಳಬೇಕಾಗಿಲ್ಲ: ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದದ್ದು, ಪಂಪು ಬೇಡ, ಕರೆಂಟು ಬೇಡ, ಜಿನುಗಿದ ನೀರು ತಾನಾಗಿ ಹರಿದು ಟಾಂಕಿಗೆ ಬೀಳುತ್ತದೆ. ಅವರ ಅಜ್ಜ ಪಿಕ್ಕಾಸು ಹಿಡಿದು ಕೊರೆದ ಸುರಂಗ ಅದು. ನಾನೂ ಒಮ್ಮೆ ಬಗ್ಗಿಕೊಂಡು ಒಳಗೆ ಹೋಗಿ, ಬಾವಲಿ ಮುಖದ ಹತ್ತಿರ ಹಾರಿದ್ದೇ ತಡ ಓಡಿಬಂದಿದ್ದೇನೆ. ಅದಿರಲಿ. ಒಂದು ಏಪ್ರಿಲಿನಲ್ಲಿ ಆ ನೀರು ನೂಲಿನಷ್ಟಾಯಿತು. ಸಹಾಯಧನಕ್ಕೆ ಅರ್ಜಿ ಹಾಕಬೇಕು. ಇಂಗ್ಲಿಷಿನಲ್ಲಿ ಬರೆದರೆ ಬೇಗ ಆಗುತ್ತದೆಂದು ಇವರಿಗೆ ಹಠ. ಬರೆದರು: 'ವಿ ಹ್ಯಾವ್ ರೆಡ್ಯೂಸ್ಡ್ ದ ವಾಟರ್.' ಅಧಿಕಾರಿ ಕನ್ನಡಕ ತೆಗೆದು, 'ನೀರು ನೀವೇ ಕಡಿಮೆ ಮಾಡಿಕೊಂಡು ದುಡ್ಡು ನಮ್ಮ ಹತ್ತಿರ ಕೇಳುವುದಾ?' ಎಂದರಂತೆ. ಅರ್ಜಿ ವಾಪಸ್. ಸಂಜೆ ನಮ್ಮ ಜಗಲಿಗೆ ಬಂದು ಕೂತು, 'ಮಾಷ್ಟ್ರೇ, ನೀರು ಇಳಿದದ್ದು. ನಾನು ಇಳಿಸಿದ್ದಲ್ಲ!' ಅಂದರು. ಅದನ್ನೇ ಬರೆಯಬೇಕಿತ್ತಲ್ಲ ಮಾರಾಯ್ರೇ! 'ದ ವಾಟರ್ ಹ್ಯಾಸ್ ಡಿಕ್ರೀಸ್ಡ್.' ನಾಲ್ಕು ಪದ.

'ಡಿಕ್ರೀಸನ್ನೂ ಮಾಡಬಹುದಲ್ಲ ಸಾರ್' ಎಂದು ನಿಘಂಟು ತೆರೆಯುವ ಮಕ್ಕಳು ಇರುತ್ತಾರೆ. ಮಾಡಬಹುದು. ಅದು ಮುಂದಿನ ವರ್ಷಕ್ಕಿರಲಿ. ಈಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಳಿಯಿತೋ, ಇಳಿಸಿದರೋ?

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಎರಡೂ ಲ್ಯಾಟಿನ್ ಮೂಲದವು. ರೆಡ್ಯೂಸ್ ಎಂದರೆ ಮೊದಲು ಹಿಂದಕ್ಕೆ ಕರೆದೊಯ್ಯುವುದು. ಕರೆದೊಯ್ಯಲು ಒಬ್ಬರು ಬೇಕಲ್ಲ, ನೋಡಿ! ಡಿಕ್ರೀಸ್‌ನಲ್ಲಿರುವುದು ಬೆಳೆಯುವ ಧಾತು, ಮುಂದಿನ 'ಡಿ' ಅದನ್ನು ತಿರುಗಿಸುತ್ತದೆ; ಬಿದಿಗೆ ಚಂದ್ರನ 'ಕ್ರೆಸೆಂಟ್'ನಲ್ಲಿರುವುದೂ ಅದೇ. ಇನ್ನು 100 ರೂಪಾಯಿಯ ಛತ್ರಿ 'ರೆಡ್ಯೂಸ್ಡ್ ಬೈ 20' ಆದರೆ 80 ಕೊಡಬೇಕು, 'ರೆಡ್ಯೂಸ್ಡ್ ಟು 20' ಆದರೆ 20 ಸಾಕು. ಅಂಗಡಿಯ ಬೋರ್ಡು ಸರಿಯಾಗಿ ಓದಿ. ಡಿಕ್ರೀಸ್ ನಾಮಪದವಾದಾಗ ಒತ್ತು 'ಡಿ' ಮೇಲೆ, ಕ್ರಿಯಾಪದವಾದಾಗ 'ಕ್ರೀ' ಮೇಲೆ. ರೆಡ್ಯೂಸಿನ ನಾಮಪದ ರಿಡಕ್ಷನ್. ನಾಳೆ ತರಗತಿಯಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ನಮಸ್ಕಾರ.