ಚೌಕಟ್ಟಿನಾಚೆ ಏನಿತ್ತು?

ಕೇಳುಗರಿಗೆ ನಮಸ್ಕಾರ.

2018ರಲ್ಲಿ ಊರೂರು ಸುತ್ತಿದ ಒಂದು ವಿಡಿಯೊ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮೂಲದಲ್ಲಿ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಹೀರಾತು. ಮಗುವನ್ನು ವಾಪಸ್ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು. ಮಕ್ಕಳ ಕಳ್ಳರೆಂಬ ವದಂತಿಗೆ ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕನ ಪ್ರಾಣ ಹೋಯಿತು.

ಚಿತ್ರ, ಸುದ್ದಿಗಳನ್ನು ನಂಬುವ ಮುನ್ನ ಪರಿಶೀಲಿಸಲು ಕಲಿಸುವಾಗ ನಾಲ್ಕನೇ, ಐದನೇ ತರಗತಿಯ ಮಕ್ಕಳಿಗೆ ಈ ಸಾವಿನ ಸುದ್ದಿ ಹೇಳಬೇಕಿಲ್ಲ. ಕತ್ತರಿ ಹೇಗೆ ಕೆಲಸ ಮಾಡುತ್ತದೆಂದು ಅವರ ಕೈಯಲ್ಲೇ ಮಾಡಿಸಿ ತೋರಿಸಿದರೆ ಸಾಕು. ಅದಕ್ಕೆ ಶಾಲೆಯ ಗೋಡೆ ಪತ್ರಿಕೆಯೇ ತಕ್ಕ ಜಾಗ. ಒಂದು ದೊಡ್ಡ ಡ್ರಾಯಿಂಗ್ ಶೀಟ್, ಶಿಕ್ಷಕರ ಒಂದು ಫೋನ್, 5 ಮಕ್ಕಳ ಗುಂಪು. ಮಗುವಿಗೊಂದು ಟ್ಯಾಬ್ ಬೇಕೆನ್ನುವವರ ಮಾತನ್ನು ಸದ್ಯಕ್ಕೆ ಬದಿಗಿಡಿ.

8 ಮಕ್ಕಳನ್ನು ಮೈದಾನದಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಹತ್ತಿರದಿಂದ ಒಂದು ಫೋಟೊ, 20 ಹೆಜ್ಜೆ ಹಿಂದೆ ಸರಿದು ಇನ್ನೊಂದು. ಮೊದಲನೆಯದರಲ್ಲಿ ಜನಜಾತ್ರೆ, ಎರಡನೆಯದರಲ್ಲಿ ಖಾಲಿ ಮೈದಾನ! ಎರಡಕ್ಕೂ ಶೀರ್ಷಿಕೆ ಬರೆಸಿ. ಇದಾದ ಮೇಲೆ ಯಾವ ಚಿತ್ರ ಕಂಡರೂ ಮಕ್ಕಳೇ ಕೇಳತೊಡಗುತ್ತಾರೆ, ‘ಚೌಕಟ್ಟಿನಾಚೆ ಏನಿತ್ತು?’

ಆಮೇಲೆ ಸುದ್ದಿ. ಬಿಸಿಯೂಟದಲ್ಲಿ ಪ್ಲಾಸ್ಟಿಕ್ ಅಕ್ಕಿ ಎಂಬ ಮಾತು ಎಷ್ಟೋ ಊರುಗಳಲ್ಲಿ ಎದ್ದಿದೆ. ಗುಂಪನ್ನು ಅಡುಗೆಮನೆಗೇ ಕಳಿಸಿ. ಅಡುಗೆಯವರನ್ನು ಕೇಳಲಿ, ಚೀಲದ ಮೇಲಿನ ಬರಹ ಓದಲಿ, ಪೋಷಕಾಂಶ ಸೇರಿಸಿದ ಅಕ್ಕಿಗೆ ಹಾಕುವ ‘+ಎಫ್’ ಗುರುತು ಹುಡುಕಲಿ. ಆ ಗುರುತಿನ ಅಕ್ಕಿಯಲ್ಲಿ ಸಾಮಾನ್ಯವಾಗಿ 100 ಕಾಳಿಗೆ 1ರಂತೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳು ಬೆರೆಸಿರುತ್ತಾರೆ. ಅದರ ಬಣ್ಣ ಬೇರೆ, ಕೆಲವು ನೀರಲ್ಲಿ ತೇಲುವುದೂ ಉಂಟು. ಅನುಮಾನ ಹುಟ್ಟಿದ್ದು ಅಲ್ಲಿಂದಲೇ. ವರದಿ 50 ಪದ ಮೀರಬಾರದು. ಪ್ರತಿ ವಾಕ್ಯದ ಪಕ್ಕದಲ್ಲಿ ‘ನೋಡಿದ್ದು’, ‘ಕೇಳಿದ್ದು’, ‘ಫೋನಲ್ಲಿ ಬಂದದ್ದು’ ಎಂದು ಗುರುತು ಹಾಕಿಸಿ. ಮೂರನೇ ಗುರುತಿನ ವಾಕ್ಯ ಪರಿಶೀಲಿಸದೆ ಗೋಡೆಗೆ ಹೋಗಬಾರದು.

ಚಿತ್ರವನ್ನು ಪರಿಶೀಲಿಸಲು, ಅಂಥದೇ ಚಿತ್ರ ಅಂತರ್ಜಾಲದಲ್ಲಿ ಎಲ್ಲಿದೆಯೆಂದು ಹುಡುಕಿಕೊಡುವ ಗೂಗಲ್ ಲೆನ್ಸ್ ಫೋನಿನಲ್ಲಿ ಇದೆ. ಮಕ್ಕಳು ಎಡವುವುದು ಇಲ್ಲೇ. ಚಿತ್ರದ ಮೇಲೆ ಅಕ್ಷರಗಳಿದ್ದರೆ ಲೆನ್ಸ್ ಅದನ್ನೇ ಹಿಡಿದುಕೊಂಡು ಎಲ್ಲೆಲ್ಲಿಗೋ ಹೋಗುತ್ತದೆ. ಮೊದಲು ಅಕ್ಷರದ ಭಾಗ ಬಿಟ್ಟು ಆಯ್ಕೆಮಾಡಿಸಿ. ಲೆನ್ಸ್ ಅದೇ ಚಿತ್ರವನ್ನಷ್ಟೇ ಅಲ್ಲ, ಅದರಂತೆ ಕಾಣುವುದನ್ನೂ ತೋರಿಸುತ್ತದೆ. ‘ಸಿಕ್ತು ಮಿಸ್!’ ಎಂದವರಿಗೆ ಅಂಗಡಿಯ ಬೋರ್ಡು, ವಾಹನದ ನಂಬರ್ ಪ್ಲೇಟು ಹೋಲಿಸಲು ಹೇಳಿ. ಹಳೆಯ ತಾರೀಖಿನ ಪುಟದಲ್ಲಿ ಅದೇ ಚಿತ್ರವಿದ್ದರೆ ಅದು ಇಂದಿನದಲ್ಲ ಎಂದು ಖಚಿತ. ಆದರೆ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಚಿತ್ರ ನಿಜವೆಂದು ಅರ್ಥವಲ್ಲ. ನಿನ್ನೆ ತೆಗೆದ ಸುಳ್ಳು ಫೋಟೊ ಯಾವ ಹುಡುಕಾಟಕ್ಕೂ ಸಿಗದೇ ಇರಬಹುದು.

ಪತ್ರಿಕೆಯ ಫೋಟೊವನ್ನು ಪೋಷಕರ ಗುಂಪಿಗೆ ಹಾಕುವುದಿದ್ದರೆ ಮುಖ, ಹೆಸರು ಎರಡೂ ಒಟ್ಟಿಗೆ ಬೇಡ. ಪೋಷಕರ ಒಪ್ಪಿಗೆಯನ್ನೂ ಮೊದಲೇ ಬರೆಸಿಕೊಳ್ಳಿ.

ಶೀಟಿನ ಮೇಲ್ಭಾಗದಲ್ಲಿ, ಕಣ್ಣಿಗೆ ಬೀಳುವಲ್ಲಿ, ಅಂಗೈ ಅಗಲದ ಜಾಗವನ್ನು ತಿದ್ದುಪಡಿಗೆ ಬಿಡಿಸಿ. ತಪ್ಪಾದ ವರದಿಯನ್ನು ಹರಿದು ಹಾಕುವುದಲ್ಲ. ಬರೆದ ಮಗುವೇ ಅಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು.