ಮೊದಲು ಒಂದು ಹೋಳು ಬಾಯಿಗೆ

ಕೇಳುಗರಿಗೆಲ್ಲ ನಮಸ್ಕಾರ. ಮಾವಿನ ಅಡುಗೆ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಅಳತೆ ಬರೆದುಕೊಳ್ಳೋಣ ಅಂತ ನಿಮ್ಮಲ್ಲಿ ಕೆಲವರು ಪೆನ್ನು ಹಿಡಿದು ಕೂತಿರುತ್ತೀರಿ. ದಯವಿಟ್ಟು ಪೆನ್ನು ಕೆಳಗಿಡಿ. ಸಿಹಿಯಾಗಲಿ, ಖಾರವಾಗಲಿ, ನಾನು ಹೇಳುವುದು ಒಂದೇ ಮಾತು. ಒಲೆ ಹಚ್ಚುವ ಮೊದಲು ಮಾವಿನ ಒಂದು ಹೋಳು ಬಾಯಿಗೆ ಹಾಕಿಕೊಳ್ಳಿ. ಎಷ್ಟು ಹಣ್ಣು ಹೆಚ್ಚುತ್ತೀರೋ ಅಷ್ಟು ಹೋಳು.

ಇಷ್ಟೇನಾ ಅಂತೀರಾ? ಇಷ್ಟೇ. ಆದರೆ ಯಾರೂ ಮಾಡುವುದಿಲ್ಲ! ನಾನು ಅಡುಗೆ ಕಲಿಸಲು ಶುರುಮಾಡಿ ಬಹಳ ವರ್ಷವಾಯಿತು. ಗೊಜ್ಜು ಹುಳಿಯಾಯಿತು, ಪಾಯಸ ಕೆಟ್ಟಿತು ಎಂದು ಬರುತ್ತಾರೆ. ಬೆಲ್ಲ ಅಳೆದಿರುತ್ತಾರೆ, ಉಪ್ಪು ಅಳೆದಿರುತ್ತಾರೆ. ಮಾವನ್ನು ಮಾತ್ರ ತಿಂದು ನೋಡಿರುವುದಿಲ್ಲ. ಒಂದೇ ಮರದಿಂದ ಒಂದೇ ದಿನ ಕಿತ್ತ ಎರಡು ಕಾಯಿಗೂ ಒಂದೇ ಹುಳಿ ಇರುವುದಿಲ್ಲ. ಹಾಗಿರುವಾಗ ಅರ್ಧ ಕಪ್ ಬೆಲ್ಲ ಎಂದು ಯಾರೋ ಬರೆದಿಟ್ಟರೆ ಅದು ನಿಮ್ಮ ಕಾಯಿಗೆ ಹೊಂದುತ್ತದೆ ಅಂತ ಏನು ಗ್ಯಾರಂಟಿ?

ಕಾಯಿಯಲ್ಲಿ ಇರುವುದು ಪಿಷ್ಟ ಮತ್ತು ಹುಳಿ. ಮಾಗುತ್ತಾ ಹೋದಂತೆ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ. ಕಳಿತ ಹಣ್ಣಿನಲ್ಲಿ 100 ಗ್ರಾಂಗೆ ಸುಮಾರು 14 ಗ್ರಾಂ ಸಕ್ಕರೆ ಇರುತ್ತದೆ. ಮಾಗುವುದು ಗೊರಟೆಯ ಸುತ್ತ ಶುರುವಾಗಿ ಸಿಪ್ಪೆಯ ಕಡೆಗೆ ಬರುತ್ತದೆ. ಹಾಗಾಗಿ ಸಿಪ್ಪೆಯ ಬಣ್ಣ ನೋಡಿ ರುಚಿ ಹೇಳಲು ಆಗುವುದಿಲ್ಲ. ಲಂಗ್ಡಾ ಎಂಬ ತಳಿಯ ಹಣ್ಣು ಪೂರ್ತಿ ಮಾಗಿದ ಮೇಲೂ ಹಸಿರಾಗಿಯೇ ಇರುತ್ತದೆ. ಕೆಲವು ಹಣ್ಣಿನ ಹೆಗಲ ಮೇಲೆ ಚೆಂದದ ಕೆಂಪು ಇರುತ್ತಲ್ಲ, ಅದು ಬಿಸಿಲು ಬಿದ್ದ ಗುರುತು, ಮಾಗಿದ ಗುರುತಲ್ಲ.

ನನಗೆ ಇದನ್ನು ಕಲಿಸಿದ್ದು ನಮ್ಮ ಅತ್ತೆ. ಮದುವೆಯಾದ ಹೊಸತು. ಮನೆಗೆ ಹತ್ತು ಜನ ಊಟಕ್ಕೆ ಬರುವವರಿದ್ದರು. ಮಾವಿನಹಣ್ಣಿನ ಪಾಯಸ ನಾನು ಮಾಡುತ್ತೇನೆ ಎಂದೆ. ಎರಡು ಲೀಟರ್ ಹಾಲನ್ನು ಒಂದು ಲೀಟರ್ ಆಗುವವರೆಗೆ ಕಾಯಿಸಿದೆ, ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ನಿಂತೆ. ಆರು ಹಣ್ಣು. ಅರಿಶಿನದಂಥ ಬಣ್ಣ, ಮನೆಯೆಲ್ಲ ಘಮ ಘಮ. ರುಬ್ಬಿ, ಕುದಿಯುತ್ತಿದ್ದ ಹಾಲಿಗೆ ಸುರಿದೆ. ಸೌಟು ಎರಡು ಸುತ್ತು ತಿರುಗಿಸುವಷ್ಟರಲ್ಲಿ ಹಾಲು ಒಡೆಯಿತು. ಮೇಲೆ ಹಳದಿ ನೀರು, ಕೆಳಗೆ ಕಾಳು ಕಾಳು. ನನಗೆ ಅಳುವೇ ಬಂತು.

ಅತ್ತೆ ಬಂದರು. ಪಾತ್ರೆ ನೋಡಿದರು, ಏನೂ ಹೇಳಲಿಲ್ಲ. ತಟ್ಟೆಯಲ್ಲಿ ಬಿದ್ದಿದ್ದ ಆರು ಗೊರಟೆಗಳನ್ನು ಒಂದೊಂದಾಗಿ ಎತ್ತಿ ಚೀಪಿದರು. ನಾಲ್ಕನ್ನು ಒಂದು ಕಡೆ ಇಟ್ಟರು. ಉಳಿದ ಎರಡನ್ನು ನನ್ನ ಕೈಗೆ ಕೊಟ್ಟು, "ನೀನೇ ಚೀಪು" ಎಂದರು. ಹಲ್ಲು ಚುಳ್ ಎಂದಿತು. "ಮೊದಲೇ ತಿಂದು ನೋಡಿದ್ದರೆ ಈ ಎರಡು ಗೊಜ್ಜಿಗೆ ಆಗ್ತಿತ್ತು ಕಣಮ್ಮ" ಎಂದರು.

ಆಮೇಲೆ ಅವರು ಮಾಡಿದ ಕೆಲಸ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿ ಹಿಂಡಿದರು. ಉಳಿದ ಗಟ್ಟಿಯನ್ನು ಬಾಣಲೆಗೆ ಹಾಕಿ, ಸಕ್ಕರೆ, ತುಪ್ಪ ಸೇರಿಸಿ ತಳ ಬಿಡುವವರೆಗೆ ಮಗುಚಿದರು. ಏಲಕ್ಕಿ ಪುಡಿ ಉದುರಿಸಿ ತಟ್ಟೆಗೆ ತಟ್ಟಿದರು. ಬಂದವರು ಇದೇನು ಸಿಹಿ, ಇದೇನು ಸಿಹಿ ಅಂತ ಕೇಳಿ ಕೇಳಿ ಹಾಕಿಸಿಕೊಂಡರು.

ಹುಳಿ ತಗುಲಿದರೆ ಹಾಲಿನ ಪ್ರೋಟೀನು ಗಂಟು ಕಟ್ಟುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಅದಕ್ಕೇ ಹಾಲು ತಣ್ಣಗಾದ ಮೇಲೆ ಹಣ್ಣಿನ ರಸ ಬೆರೆಸಿ, ಅದೂ ನಾಲಿಗೆ ಒಪ್ಪಿದ ಹಣ್ಣಿನದು. ಸ್ವಲ್ಪ ಹುಳಿ ಇದೆಯಾ? ತೆಂಗಿನಹಾಲು ಬಳಸಿ, ಅದು ಹಸುವಿನ ಹಾಲಿನ ಹಾಗೆ ಒಡೆಯುವುದಿಲ್ಲ. ಥಾಯ್ಲೆಂಡಿನವರು ಅಂಟು ಅಕ್ಕಿಯ ಅನ್ನಕ್ಕೆ ಸಿಹಿ ಮಾಡಿದ ತೆಂಗಿನಹಾಲು ಬೆರೆಸಿ, ಪಕ್ಕದಲ್ಲಿ ಹಣ್ಣಿನ ಹೋಳು ಜೋಡಿಸಿ ತಿನ್ನುತ್ತಾರೆ. ಆ ಹಾಲಿಗೆ ಚಿಟಿಕೆ ಉಪ್ಪು ಹಾಕುತ್ತಾರೆ, ಅದರಿಂದ ಸಿಹಿ ಎದ್ದು ಬರುತ್ತದೆ. ನೀವೂ ಹಾಕಿ ನೋಡಿ.

ಅಯ್ಯೋ, ಹೊತ್ತಾಯಿತು ಎಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಖಾರದ ಅಡುಗೆಗೆ ಇನ್ನೂ ಬಂದೇ ಇಲ್ಲ. ಬೇಗ ಹೇಳಿಬಿಡುತ್ತೇನೆ.

ಬೇಳೆ ಪೂರ್ತಿ ಬೆಂದ ಮೇಲೆ ಮಾವಿನಕಾಯಿ ಹಾಕಿ. ಮೊದಲೇ ಹಾಕಿದರೆ ಹುಳಿಗೆ ಬೇಳೆ ಬೇಯುವುದೇ ಇಲ್ಲ, ಗ್ಯಾಸ್ ದಂಡ. ಗೊಜ್ಜಿಗೆ ಹೋಳು ಮೆತ್ತಗಾದ ಮೇಲೆ ಬೆಲ್ಲ, ಮುಂಚೆ ಹಾಕಿದರೆ ಹೋಳು ಗಟ್ಟಿಯಾಗಿಯೇ ಉಳಿಯುತ್ತದೆ. ಬೆಲ್ಲವನ್ನೂ ಬರೆದಿಟ್ಟ ಅಳತೆಯಲ್ಲಿ ಅರ್ಧ ಮಾತ್ರ ಹಾಕಿ, ರುಚಿ ನೋಡಿ, ಬೇಕಾದರೆ ಇನ್ನಷ್ಟು. ಕಬ್ಬಿಣದ ಬಾಣಲೆ ಬೇಡ, ಹುಳಿಗೆ ಕಪ್ಪಾಗುತ್ತದೆ, ಲೋಹದ ರುಚಿ ಬರುತ್ತದೆ. ಸ್ಟೀಲ್ ಪಾತ್ರೆ ಸಾಕು. ಮಾವಿನಕಾಯಿ ಚಿತ್ರಾನ್ನಕ್ಕೆ ತುರಿಯನ್ನು ಒಲೆ ಆರಿಸಿದ ಮೇಲೆ ಒಗ್ಗರಣೆಗೆ ಸೇರಿಸಿ, ಆ ಬಿಸಿಯೇ ಸಾಕು. ಜಾಸ್ತಿ ಹುರಿದರೆ ಹಸಿ ಮಾವಿನ ಘಮ ಹೋಗಿಬಿಡುತ್ತದೆ, ಅಲ್ವಾ? ಎಷ್ಟು ತುರಿ ಎಂದು ಮಾತ್ರ ಕೇಳಬೇಡಿ. ಚಿಟಿಕೆ ತುರಿ ನಾಲಿಗೆ ಮೇಲೆ ಇಡಿ. ಕಣ್ಣು ಮುಚ್ಚಿಹೋಗುವಷ್ಟು ಹುಳಿ ಇದ್ದರೆ ಒಂದು ಹಿಡಿ, ಇಲ್ಲದಿದ್ದರೆ ಎರಡು ಹಿಡಿ.

ತೊಟ್ಟಿನ ಹತ್ತಿರ ಒಸರುವ ಸೊನೆ ತುಟಿಗೆ ತಾಗಿದರೆ ಸುಡುತ್ತದೆ. ರುಚಿ ನೋಡುವ ಮೊದಲು ಕಾಯಿ ತೊಳೆದು, ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ ತೆಗೆದುಬಿಡಿ. ಗೊರಟೆಯನ್ನು ಮಾತ್ರ ಬಿಸಾಡಬೇಡಿ, ಗೊಜ್ಜಿನಲ್ಲೇ ಬೇಯಲಿ. ಊಟಕ್ಕೆ ಕೂತಾಗ ಅದು ನನಗೆ, ನನಗೆ ಎಂದು ಮಕ್ಕಳು ಜಗಳಕ್ಕೆ ಬೀಳುತ್ತಾರೆ. ನಮಸ್ಕಾರ.