ಬಾಗಿಲು ಮುಚ್ಚಿ, ಆಮೇಲೆ ಮಾತಾಡೋಣ

ಕೇಳುಗರಿಗೆ ನಮಸ್ಕಾರ. ನಾನು ಎಚ್‌ಐವಿ ಪರೀಕ್ಷಾ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕಿ. ಹೆಸರು, ಊರು ಹೇಳದೆ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ದುಡ್ಡಿಗಾಗಿ ಗಂಡಸರ ಜೊತೆ ಹೋಗುವವನು. ಮನೆಯಲ್ಲಿ ಹೆಂಡತಿ ಇದ್ದಾಳೆ. ಅವಳಿಗೆ ಇದು ಗೊತ್ತಿಲ್ಲ.

ನಮ್ಮಲ್ಲಿಗೆ ಬರುವ ಮೊದಲು ಅವನು ಒಂದು ಆಸ್ಪತ್ರೆಗೆ ಹೋಗಿದ್ದ. ಗುದದ ಹತ್ತಿರ ಹುಣ್ಣಾಗಿತ್ತು. ಡಾಕ್ಟರ ಮೇಜಿನ ಸುತ್ತ ಐದಾರು ಜನ ನಿಂತಿದ್ದರು. "ಏನಾಗಿದೆಯಪ್ಪಾ?" ಅಂತ ಕೇಳಿದರು. ಇವನು "ಹೊಟ್ಟೆನೋವು" ಅಂದುಬಿಟ್ಟ. ಹೊಟ್ಟೆನೋವಿನ ಮಾತ್ರೆ ಹಿಡಿದು ವಾಪಸ್ ಬಂದ. ಹುಣ್ಣು ಹಾಗೇ ಉಳಿಯಿತು. ಅಂಥ ಹುಣ್ಣಿದ್ದರೆ ಎಚ್‌ಐವಿ ಒಳಹೊಗುವುದು ಇನ್ನೂ ಸುಲಭ. ನನಗೆ ಸಂಕಟವಾಗುವುದು ಇಲ್ಲೇ. ಆ ಹುಡುಗನಿಗೆ ಬುದ್ಧಿ ಇರಲಿಲ್ಲ ಅಂತಲ್ಲ, ಬಾಯಿಬಿಡಲು ಜಾಗ ಇರಲಿಲ್ಲ.

ಕಾಂಡೋಮ್ ಯಾಕೆ ಇಟ್ಟುಕೊಳ್ಳುವುದಿಲ್ಲ ಅಂತ ಕೇಳಿದೆ. "ರಾತ್ರಿ ಪೊಲೀಸರು ಜೇಬು ತಡಕಿದಾಗ ಸಿಕ್ಕಿದರೆ ಒದೆ ಬೀಳುತ್ತೆ ಮೇಡಂ" ಅಂದ. ಇದು ಬರೀ ಇವನ ಭಯ ಅಲ್ಲ. 2001ರಲ್ಲಿ ಲಖನೌದಲ್ಲಿ ಇಂಥವರ ನಡುವೆ ಏಡ್ಸ್ ತಡೆಯುವ ಕೆಲಸ ಮಾಡುತ್ತಿದ್ದವರನ್ನೇ ಗಂಡಸರು ಗಂಡಸರ ಜೊತೆ ಕೂಡುವುದನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನಡಿ ಜೈಲಿಗೆ ಹಾಕಿದ್ದರು. ಗಂಡಸರು ಪರಸ್ಪರ ಒಪ್ಪಿ ಕೂಡುವುದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಆದರೆ ಬಸ್‌ಸ್ಟ್ಯಾಂಡಿನ ಹಿಂದಿನ ಕತ್ತಲಲ್ಲಿ ಲಾಠಿ ಹಿಡಿದವರಿಗೆ ಆ ತೀರ್ಪು ಇನ್ನೂ ತಲುಪಬೇಕು.

ಅವನು ಇನ್ನೊಂದು ವಿಷಯ ಹೇಳಿದ. ಕಾಂಡೋಮ್ ಸಿಕ್ಕಾಗ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದನಂತೆ. ಎಣ್ಣೆ ತಾಗಿದರೆ ಆ ರಬ್ಬರ್ ಸಡಿಲವಾಗಿ ಹರಿಯುತ್ತದೆ. ನೀರಿನಲ್ಲಿ ಮಾಡಿದ ಜೆಲ್ ಹಚ್ಚಬೇಕು. ಇಷ್ಟು ಸಣ್ಣ ಮಾತು. ಇದನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಯಾರನ್ನು ಕೇಳಬೇಕಿತ್ತು ಅವನು?

ಈಗ ಔಷಧಿಯ ಕೊರತೆ ಇಲ್ಲ. 2004ರಿಂದ ಸರ್ಕಾರ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ದಿನಾ ತಪ್ಪದೆ ತಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಅಂತ 2017ರ ಕಾಯಿದೆ ಇದೆ. ಏನಾದರೂ ಕೇಳಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಾಗುವುದಿಲ್ಲ.

ಆ ದಿನ ನಮ್ಮ ಕೋಣೆಗೆ ಬಂದಾಗ ಅವನು ಕುರ್ಚಿಯ ತುದಿಯಲ್ಲೇ ಕೂತಿದ್ದ. ನಾನು ಎದ್ದು ಬಾಗಿಲು ಮುಚ್ಚಿದೆ. "ನೀವೂ ಬೈತೀರಾ ಮೇಡಂ?" ಅಂತ ಕೇಳಿದ. ಇಲ್ಲಪ್ಪಾ, ಅಂದೆ. ಆಗ ಹುಣ್ಣಿನ ಮಾತು ಹೊರಗೆ ಬಂತು. ಪರೀಕ್ಷೆಯ ಫಲಿತಾಂಶ ಏನು ಬಂತು ಅಂತ ನಾನು ಹೇಳುವುದಿಲ್ಲ. ಅದು ಅವನದು. ಮುಂದಿನ ವಾರ ಅವನು ಮತ್ತೆ ಬಂದ. ಜೊತೆಗೆ ಇನ್ನಿಬ್ಬರು ಹುಡುಗರು ಬಂದು ಬಾಗಿಲ ಹೊರಗೇ ನಿಂತಿದ್ದರು. ಒಳಗೆ ಬನ್ನಿ ಅಂದೆ.